ಬಾತುಕೋಳಿ ಸ್ಟೇಷನ್ನಿನಲ್ಲಿ ಅತ್ತೆ

ಮೆಕ್ಸಿಕೋ ನಗರ, ಅಕ್ಟೋಬರ್ 1970

ಅಕ್ಕಾ,

ನಿನ್ನೆ ನಮ್ಮತ್ತೆ ಕಳೆದುಹೋಗಿದ್ದರು! ಇಲ್ಲಿ ನೆಲದಡಿಯ ರೈಲಿನ ಪ್ರತಿ ಸ್ಟೇಷನ್ನಿಗೂ ಒಂದೊಂದು ಚಿತ್ರ. ಓದು ಬಾರದ ಅತ್ತೆಗೆ, "ಮಿಡತೆ ಕಂಡಾಗ ಇಳೀರಿ, ಅಲ್ಲೇ ಕಾಯ್ತೀನಿ" ಎಂದಿದ್ದೆ. (ಹೂಂ, ನೀನು ಹುರಿದು ತಿನ್ನುವ ಮಿಡತೆಯೇ!) ಅವರು ಬರಲೇ ಇಲ್ಲ. ಗಾಬರಿಯಿಂದ ಒಂದೊಂದೇ ಸ್ಟೇಷನ್ ಹುಡುಕಿದೆ. ಕಾಂದೆಲಾರಿಯಾದಲ್ಲಿ ಬಾತುಕೋಳಿ ಚಿತ್ರದ ಕೆಳಗೆ ಹಾಯಾಗಿ ಕೂತಿದ್ದರು.

"ಇಲ್ಯಾಕೆ ಇಳಿದ್ರಿ ಅತ್ತೆ?"

"ಹಿಂದೆ ಇಲ್ಲೆಲ್ಲ ನೀರು ಕಣೇ. ನಮ್ಮಜ್ಜಿ ಇಲ್ಲೇ ಬಾತುಕೋಳಿ ಮಾರ್ತಿದ್ಲು. ಅವಳ ಅಂಗಡಿಗೆ ಸರ್ಕಾರದೋರು ಬೋರ್ಡ್ ಹಾಕಿರೋವಾಗ ಇಳೀದೆ ಹೋಗ್ಲಾ?"

ಎಬ್ಬಿಸಲು ಕೈ ಹಿಡಿದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸರು ನನ್ನನ್ನೇ ಗದರಿದರು: "ತಾಳಮ್ಮ, ಕತೆ ಮುಗೀಲಿ!"

ನಾನೂ ಕೂತೆ. ನಾಲ್ಕು ರೈಲು ಹೋದವು.

ಹುಡುಕಾಡಿ ನನ್ನ ಕಾಲು ಊದಿದೆ, ಉಳಿದಂತೆ ಸೌಖ್ಯ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ,
ಒತಿಲಿಯಾ