ಸಹಿ ಹಾಕಿದ ಕೆಲಸ

ಹಡರ್ಸ್‌ಫೀಲ್ಡ್
12 ಮೇ 2014

ಮಾವನಿಗೆ ಜಿತೇಶನ ನಮಸ್ಕಾರಗಳು.

ಒಂದೇ ಮನೆಯಲ್ಲಿದ್ದೂ ಪತ್ರ ಬರೆಯುತ್ತಿದ್ದೇನೆ. ನಿಮ್ಮೆದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ.

ಹವ್ಯಾಸಿ ರೇಡಿಯೋ ಇಟ್ಟುಕೊಂಡಿರುವ ಬ್ರಯನ್ ಅವರ ಮನೆಗೆ ನಾವು ಆಂಟೆನಾ ಹಾಕಿದೆವಲ್ಲ, ಅದರ ಕೇಬಲ್‌ಗೆ ಸಿಡಿಲನ್ನು ನೆಲಕ್ಕಿಳಿಸುವ ಅರ್ತ್ ಕೊಡಲೇ ಇಲ್ಲ. "ಮುದುಕನಿಗೆ ಏನು ಗೊತ್ತಾಗುತ್ತೆ, ಸಹಿ ಹಾಕು" ಎಂದಿರಿ. ಕೆಲಸ ಸರಿಯಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಿದೆ.

ಸಂಜೆ ಗುಡುಗು ಬರಬಹುದೆಂದು ನಿನ್ನೆ ಬೆಳಿಗ್ಗೆ ಹವಾಮಾನ ವರದಿಯಲ್ಲಿ ಹೇಳಿದರು. ತಡೆಯಲಾಗದೆ ಆಗಲೇ ಬಸ್ ಹಿಡಿದು ಹೋಗಿ, ಅವರಿಗೆ ವಿಷಯ ತಿಳಿಸಿ, ಕೇಬಲ್ ಕಳಚಿಟ್ಟೆ. "ಇದು ಯಾರ ತಪ್ಪು?" ಎಂದು ಕೇಳಿದರು. "ನನ್ನದೇ" ಎಂದೆ. ನಿಮ್ಮ ಹೆಸರೆತ್ತಲಿಲ್ಲ. ಅವರು ಚಹಾ ಕೊಟ್ಟರು, ಆದರೆ ಆ ಕಾಗದ ವಾಪಸ್ ಕೊಡಲಿಲ್ಲ.

ನೆಲದಲ್ಲಿ ಹೂಳಲು ಒಂದು ಅರ್ತ್ ರಾಡ್ ಕೊಡಿ, ಸರಿಮಾಡಿ ಬರುತ್ತೇನೆ. ನಿಮ್ಮ ಬೀರುವಿನಲ್ಲಿರುವ ನನ್ನ ಪಾಸ್‌ಪೋರ್ಟನ್ನೂ ಕೊಡಿ. ಓಡಿಹೋಗುವುದಿಲ್ಲ. ವೀಸಾ ನಿಮ್ಮ ಕಂಪನಿಯದು, ಉಣ್ಣುವುದು ಮಲಗುವುದು ನಿಮ್ಮ ಮನೆಯಲ್ಲಿ, ಎಲ್ಲಿಗೆ ಹೋಗಲಿ? ಆದರೆ ಇನ್ನು ಇಂಥ ಕೆಲಸಕ್ಕೆ ಸಹಿ ಹಾಕಲಾರೆ.

ನಾಳೆ ಏಳಕ್ಕೆ ಎಂದಿನಂತೆ ವ್ಯಾನ್ ಹತ್ತಿರ ನಿಂತಿರುತ್ತೇನೆ. ಬೈಯುವುದಿದ್ದರೆ ಅಲ್ಲೇ ಬೈಯಿರಿ, ಅತ್ತೆಯ ಎದುರು ಬೇಡ.

ನಿಮ್ಮ ತಂಗಿಯ ಮಗ,
ಜಿತೇಶ್