ಗೋಡೆ ನೆಕ್ಕಿದ ಎಮ್ಮೆಯ ಪರವಾಗಿ

ದನಗಳ ತೇಗಿನಿಂದ ಭೂಮಂಡಲವನ್ನು ಕಾಪಾಡಲು ನೇಮಕಗೊಂಡಿರುವ ಯೋಜನಾಧಿಕಾರಿಗಳೇ,

ಮುಧೋಳದ ನನ್ನ ನೆರೆಯವಳಾದ ಸಾಬಮ್ಮನ ಎಮ್ಮೆಗೆ ಬರಬೇಕಾದ ನೆಕ್ಕುವ ಇಟ್ಟಿಗೆಯನ್ನು ತಾವು ನಿಲ್ಲಿಸಿದ್ದೀರಿ. ಸರಕಾರಿ ಪಶು ಆಹಾರವನ್ನು ಆಕೆ ಕಟ್ಟಡ ಕಾಮಗಾರಿಗೆ ದುರುಪಯೋಗ ಮಾಡಿದ್ದಾಳೆಂಬುದು ತಮ್ಮ ಆರೋಪ. ಆಕೆಯ ಮನೆಯಲ್ಲಿ ಬಾಣಂತಿ ಮಗಳಿದ್ದಾಳೆ, ಎಮ್ಮೆಯ ಹಾಲು ದಿನದಿನಕ್ಕೆ ಇಳಿಯುತ್ತಿದೆ. ತಮ್ಮ ಕಚೇರಿಗೆ ಬರೆದ ಅರ್ಜಿಗಳು ಏನಾದವೋ ತಿಳಿಯದು. ಅದಕ್ಕೇ ಇದನ್ನು ನಾಲ್ಕು ಜನ ಓದಲೆಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಈ ವರ್ಷ, ಅಂದರೆ ೨೦೦೭ರ ಸಂಕ್ರಾಂತಿ ಮುಗಿದ ಮೇಲೆ ತಾವು ಜೀಪಿನಲ್ಲಿ ನಮ್ಮೂರಿಗೆ ದಯಮಾಡಿಸಿದಿರಿ. ಒಣಹುಲ್ಲು, ಜೋಳದ ಕಣಿಕೆ ತಿಂದ ದನದ ಹೊಟ್ಟೆಯಲ್ಲಿ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಅದು ತೇಗಾಗಿ ಹೊರಬಂದು ಜಗತ್ತನ್ನು ಕಾಯಿಸುತ್ತದೆ ಎಂದು ಬಣ್ಣದ ಚಿತ್ರ ತೋರಿಸಿ ವಿವರಿಸಿದಿರಿ. ಹೊರಗೆ ತಮ್ಮ ಜೀಪು ಎಂಜಿನ್ ನಿಲ್ಲಿಸದೆ ಹೊಗೆ ಬಿಡುತ್ತ ನಿಂತಿತ್ತು. ಅದರಾಚೆ ಸಿಮೆಂಟು ಕಾರ್ಖಾನೆಯ ಚಿಮಣಿಯೂ ಕಾಣುತ್ತಿತ್ತು. ಅವೆರಡೂ ಹುಲ್ಲು ತಿನ್ನುವುದಿಲ್ಲವಾದ್ದರಿಂದ ತಮ್ಮ ಯೋಜನೆಗೆ ಒಳಪಡಲಿಲ್ಲವೆಂದು ಕಾಣುತ್ತದೆ.

ಆಗ ಸಾಬಮ್ಮ ಎದ್ದು ನಿಂತು, "ನಮ್ಮ ಎಮ್ಮಿ ತೇಗಿದ್ರ ಬಿಸಲು ಹೆಚ್ಚಾಗ್ತದೇನ್ರಿ ಸಾಹೇಬ್ರ? ನಮ್ಮ ಮಾವನೂ ಉಂಡ ಮ್ಯಾಲ ಭಾಳ ತೇಗ್ತಾನ್ರಿ, ಅವನಿಗೂ ಏನರ ಕೊಡ್ತೀರೇನು?" ಎಂದು ಕೇಳಿದಳು. ಜನ ನಕ್ಕರು. ತಾವು ನಗಲಿಲ್ಲ. ಊಟದ ಹೊತ್ತಾಗಿತ್ತು. ಮನೆಗೆ ಎರಡರಂತೆ ಕಂದು ಬಣ್ಣದ ಇಟ್ಟಿಗೆಗಳನ್ನು ಜೀಪಿನಿಂದ ಇಳಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟುಹೋದಿರಿ. ಅವು ಬೆಲ್ಲದ ಪಾಕ, ಯೂರಿಯಾ, ಉಪ್ಪು, ಹೊಟ್ಟು ಸೇರಿಸಿ ಗಟ್ಟಿ ಮಾಡಿದ ಪದಾರ್ಥವೆಂದು, ದನದ ಮುಂದಿಟ್ಟರೆ ನೆಕ್ಕಿ ಹುಲ್ಲನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆಂದು ಹೇಳುವ ಕೆಲಸ ಯಾರದಾಗಿತ್ತು? ಎಮ್ಮೆಯದೇ?

ನಾವು ಫರಸಿ ಕಲ್ಲಿನ ಸೀಮೆಯವರು. ನೆಲ ಫರಸಿ, ಗೋಡೆ ಫರಸಿ, ಮಾಳಿಗೆಯೂ ಫರಸಿ. ಅಂಥವರ ಕೈಗೆ ಸರಕಾರವೇ ಪುಕ್ಕಟೆ ಇಟ್ಟಿಗೆ ಕೊಟ್ಟರೆ ಏನು ಮಾಡುತ್ತಾರೆ? ನನ್ನ ಪತ್ನಿ ಸೀತಾಬಾಯಿ ನಮ್ಮ ಪಾಲಿನವನ್ನು ಮುರಿದಿದ್ದ ತುಳಸಿ ಕಟ್ಟೆಗೆ ಕೂಡಿಸಿದಳು. ಸಂಜೆ ಗಾಯರಾಣದ ಹುಲ್ಲುಗಾವಲಿನಲ್ಲಿ ಮೇದು ಬಂದ ಊರ ದನಗಳೆಲ್ಲ ನಮ್ಮ ಅಂಗಳದಲ್ಲಿ ಸಾಲುಗಟ್ಟಿ ಕಟ್ಟೆಗೆ ತಲೆ ಬಾಗಿಸಿದವು. "ದನಗೋಳಿಗೂ ಭಕ್ತಿ ಬಂದದ ನೋಡ್ರಿ" ಎಂದು ಆಕೆ ಕೈಮುಗಿದಳು. ನಿವೃತ್ತ ಶಾಲಾ ಮಾಸ್ತರನಾದ ನಾನೂ ಕೈಮುಗಿದೆ. ವಾರದೊಳಗೆ ಕಟ್ಟೆಯ ಒಂದು ಮಗ್ಗುಲು ಭಕ್ತರ ಹೊಟ್ಟೆ ಸೇರಿತು.

ಸಾಬಮ್ಮ ತನ್ನವನ್ನು ಕೊಟ್ಟಿಗೆಯ ಗೋಡೆಯ ತೂತುಗಳಿಗೆ ಇಟ್ಟಿದ್ದಳು, ಒಂದನ್ನು ಕೆಳಗೆ, ಇನ್ನೊಂದನ್ನು ಮೇಲೆ ಮಾಳಿಗೆಯ ಹತ್ತಿರ. ಎಮ್ಮೆ ಕೆಳಗಿನದನ್ನು ಹಗಲೂ ರಾತ್ರಿ ನೆಕ್ಕಿತು. ಅದರ ಹಾಲು ಏರಿತು. ಅಲ್ಲಿಯವರೆಗೆ ಎಲ್ಲ ಹಾಲೂ ಸೇಡಂ ರಸ್ತೆಯ ಚಹಾದ ಹೋಟೆಲಿಗೆ ಹೋಗುತ್ತಿತ್ತು. ಈಗ ಬಾಣಂತನಕ್ಕೆ ಬಂದ ಮಗಳು ಮೈತ್ರಿಗೂ ಒಂದು ತಂಬಿಗೆ ಉಳಿಯತೊಡಗಿತು. "ಮಾಸ್ತರ್ರ, ಮೈತ್ರಿ ಮಾರಿಗಿ ಕಳಾ ಬಂದದ್ರಿ" ಎಂದು ಆಕೆ ಹೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಸ್ವಾಮೀ, ಅದು ತಮ್ಮ ಯೋಜನೆಯ ಗೆಲುವಾಗಿತ್ತು. ಹಾರ ಹಾಕಿಸಿಕೊಳ್ಳಬಹುದಿತ್ತು.

ತಾವು ಮತ್ತೆ ಬಂದಿರಿ. ಎಮ್ಮೆಯ ಕಡೆ ನೋಡಲಿಲ್ಲ, ಹಾಲು ಕೇಳಲಿಲ್ಲ, ಗೋಡೆ ನೋಡಿದಿರಿ. "ಸರಕಾರಿ ಪಶು ಆಹಾರದಿಂದ ಮನೆ ಕಟ್ಟಿದ್ದೀಯಾ?" ಎಂದು ಗದರಿದಿರಿ. "ಮನಿ ಅಲ್ರೀ ಯಪ್ಪಾ, ತೂತು ಮುಚ್ಚೀನಿ" ಎಂದಳು ಆಕೆ. ಮುಂದೆ ಬರಬೇಕಿದ್ದ ಇಟ್ಟಿಗೆ ನಿಂತಿತು, ಕೆಳಗಿನದು ಸವೆದು ಮುಗಿದ ಮೇಲೆ ಹಾಲೂ ಇಳಿಯಿತು. ಮೇಲಾಗಿ, ಎಮ್ಮೆ ಸಾಕಲು ಬಾರದಿದ್ದರೆ ಮಾರಿಬಿಡು, ತೇಗಾದರೂ ಕಡಿಮೆಯಾಗುತ್ತದೆ ಎಂಬ ಉಪದೇಶ ಬೇರೆ. ಮಾರಿದ ಎಮ್ಮೆ ಚಿತ್ತಾಪುರಕ್ಕೆ ಹೋದರೆ ಅಲ್ಲಿ ತೇಗುವುದಿಲ್ಲವೇ? ಚಿತ್ತಾಪುರದ ಆಕಾಶ ಬೇರೆಯೇ?

ತಾವು ಹೇಳಿದ ವಿಜ್ಞಾನ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾದ್ದರಿಂದಲೇ ನನಗೆ ಸಿಟ್ಟು. ಚೆನ್ನಾಗಿ ಅರಗಿದರೆ ಅನಿಲ ಕಡಿಮೆ, ಹಾಲು ಹೆಚ್ಚು ಎಂದು ತಮ್ಮ ಚಿತ್ರದಲ್ಲೇ ಇತ್ತು. ಅದನ್ನು ನಮ್ಮೂರಲ್ಲಿ ಮಾಡಿ ತೋರಿಸಿದ್ದು ಒಂದು ಎಮ್ಮೆ, ಅದಕ್ಕೆ ತಾವು ಕೊಟ್ಟ ಬಹುಮಾನ ಶಿಕ್ಷೆ.

ನಿನ್ನೆ ಮುಂಜಾನೆ ಪಕ್ಕದಲ್ಲಿ ಧಡ್ ಧಡ್ ಸದ್ದಾಯಿತು. ಹೋಗಿ ನೋಡಿದರೆ ಸಾಬಮ್ಮ ಹಾರೆ ಹಿಡಿದು, ಎಮ್ಮೆಗೆ ನಿಲುಕದಿದ್ದ ಮೇಲಿನ ಇಟ್ಟಿಗೆಯನ್ನು ಮೀಟುತ್ತಿದ್ದಳು. "ಏನ್ ಮಾಡ್ಲಿಕತ್ತೀ ಸಾಬಮ್ಮಾ? ಗ್ವಾಡಿ ಬೀಳ್ತದ!" ಎಂದೆ. "ಬೀಳಲಿ ಬಿಡ್ರಿ ಮಾಸ್ತರ್ರ. ಗ್ವಾಡಿ ಬಾಣಂತಿಗಿ ಹಾಲು ಕೊಡ್ತದೇನ್ರಿ?" ಎಂದಳು. ಇಟ್ಟಿಗೆ ಬಂತು, ಅದರ ಹಿಂದೆ ಗೋಡೆಯೂ ಬಂತು. ಆಕೆ ಮಣ್ಣು ಒರೆಸಿ ಇಟ್ಟಿಗೆಯನ್ನು ಎಮ್ಮೆಯ ಮುಂದಿಟ್ಟಳು.

ಅದು ಹತ್ತು ದಿನ ಬಂದರೆ ಹೆಚ್ಚು. ಅಷ್ಟರೊಳಗೆ ಹೊಸ ಇಟ್ಟಿಗೆ ಕಳಿಸಿ, ಜೊತೆಗೆ ಅದನ್ನು ಹೇಗೆ ಬಳಸಬೇಕೆಂದು ಹೇಳಲು ಬಾಯಿರುವ ಒಬ್ಬರನ್ನೂ ಕಳಿಸಿ. ದುರುಪಯೋಗದ ಭಯ ಬೇಡ. ತಾವು ಆಕ್ಷೇಪಿಸಿದ ಕಟ್ಟಡವನ್ನು ಆಕೆ ಸ್ವಂತ ಕೈಯಿಂದ ಕೆಡವಿದ್ದಾಳೆ.

ಇಂತಿ,
ಇಷ್ಟಾದರೂ ತಮ್ಮಿಂದ ಉತ್ತರ ಬಂದೀತೆಂದು ನಂಬಿರುವ ದಡ್ಡ,
ವಾಸುದೇವ, ಮುಧೋಳ, ಸೇಡಂ ತಾಲ್ಲೂಕು