ಕೇಳುವ ಮುಂಚೆ ಹೇಳಬೇಕಾದ ದೋಷ

ನೆಂಟರಲ್ಲದಿದ್ದರೂ ಅಣ್ಣನಾದ ಶ್ರೀಕಂಠಣ್ಣನಿಗೆ,

ಸಮಾಮಿಶ್ ಊರಿನ ಆ ಹಳದಿ ಮನೆ ನೆನಪಿದೆಯೇ? ಮನೆ ಮಾರಿಸುವ ಏಜೆಂಟನಾಗಿ ನನ್ನ ಮೊದಲ ವರ್ಷ. ಮನೆ ತಪಾಸಣೆ ಮಾಡುವವರು ನೀವು. ಮನೆಯ ನೆಲದಡಿಯ ಕಿರುಜಾಗದಿಂದ ತೆವಳಿಕೊಂಡು ಬಂದು, ಮೊಣಕಾಲಿನ ಮಣ್ಣು ಕೊಡವುತ್ತಾ ಕೇಳಿದಿರಿ: “ಏನಯ್ಯಾ ಮಾತುಗಾರ, ಬಾತ್‌ರೂಮ್ ಗೋಡೇಲಿ ನೀರು ಜಿನುಗ್ತಿದೆ. ನಿಂಗೆ ಗೊತ್ತಿತ್ತು ತಾನೆ?”

“ಗೊತ್ತಿತ್ತಣ್ಣ. ತಗೊಳ್ಳೋರು ಕೇಳ್ಲಿಲ್ಲ.”

“ಕೇಳೋಕೆ ಮುಂಚೆ ಹೇಳು. ಮನೆಗೊಂದು ದೋಷ ಹೇಳ್ತಾ ಹೋಗು. ನಿಜ ಹೇಳೋದು ಸೈಕಲ್ ಇದ್ದ ಹಾಗೆ, ಬಿದ್ದೂ ಬಿದ್ದೂ ಬರುತ್ತೆ.”

ಮೊದಲ ಸಲ ಹೇಳುವಾಗ ನಾಲಿಗೆ ಒಣಗಿತು. ಮನೆ ಕೊಳ್ಳಲು ಬಂದಿದ್ದ ದಂಪತಿ ಕೈಮುಗಿದು ಬೇರೆ ಏಜೆಂಟನ ಹತ್ತಿರ ಹೋದರು. “ಒಂದಾಯ್ತು” ಎಂದಿರಿ ನೀವು, ನನ್ನ ಹೊಟ್ಟೆ ಉರಿಸಲು. ಹದಿನೈದನೇ ಮನೆಯ ಹೊತ್ತಿಗೆ ಬೆವರುವುದು ನಿಂತಿತು. ನಲವತ್ತನೇ ಮನೆಗೆ ಒಗ್ಗಿಹೋಯಿತು. ಹುಟ್ಟಿನಿಂದಲೇ ಪ್ರಾಮಾಣಿಕ ಎಂದು ಜನ ನನ್ನನ್ನು ಹೊಗಳುವಾಗ ನೀವು ಮೂಲೆಯಲ್ಲಿ ನಿಂತು ಕೆಮ್ಮುತ್ತಿದ್ದಿರಿ.

ಆ ಕೆಮ್ಮೇ ನಿಮ್ಮನ್ನು ಮಲಗಿಸಿತು. ಕ್ರಾಸ್‌ರೋಡ್ಸ್ ಬಡಾವಣೆಯ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ, ಫೋನ್ ಕೈಯಲ್ಲಿ ಹಿಡಿದು ಕೇಳಿದಿರಿ: “ಡಾಕ್ಟ್ರು ಪರ್ಸೆಂಟೇಜ್ ಹೇಳ್ತಾರೆ. ನೀನು ಮನೆ ನೋಡೋ ಕಣ್ಣಲ್ಲಿ ನೋಡಿ ಹೇಳು. ಮೈಸೂರಿನ ತಂಗಿ ಜೊತೆ ಒಂಬತ್ತು ವರ್ಷದಿಂದ ಮಾತಿಲ್ಲ. ದಿನ ಕಮ್ಮಿ ಇದ್ರೆ ಈಗ್ಲೇ ಕಾಲ್ ಮಾಡ್ತೀನಿ. ಇಲ್ಲಾಂದ್ರೆ ಹೋಗಿ ಎದುರಿಗೇ ತಪ್ಪಾಯ್ತು ಅಂತೀನಿ.”

ಅಷ್ಟು ಮನೆ ನೋಡಿದ ಕಣ್ಣಿಗೆ ನಿಮ್ಮ ಕೆನ್ನೆ, ನಿಮ್ಮ ಉಗುರಿನ ಬಣ್ಣ ಕಾಣದೇ? ಆದರೂ ಬಾಯಿ ಹಳೇ ಜಾಡು ಹಿಡಿಯಿತು. “ಏನಣ್ಣ ನೀವು! ಬೇಸಿಗೆಗೆ ಮೈಸೂರಲ್ಲಿರ್ತೀರಾ.” ನೀವು ನಕ್ಕು ಫೋನನ್ನು ದಿಂಬಿನ ಪಕ್ಕ ಇಟ್ಟಿರಿ. ನಂಬಿದಿರಿ. ನೀವೇ ತಿದ್ದಿದ ಶಿಷ್ಯನಲ್ಲವೇ? ನಾಲ್ಕನೇ ದಿನ ನೀವು...

ಕಂಡವರ ಗೋಡೆಯ ಬಗ್ಗೆ ನಿಜ ಹೇಳುವುದನ್ನು ಕಲಿತು, ಅದನ್ನೇ ನನ್ನ ಗುಣ ಎಂದುಕೊಂಡಿದ್ದೆ. ಬೇಕಾದವರ ಮುಖ ನೋಡಿ ಹೇಳುವುದನ್ನು ಎಂದಾದರೂ ಅಭ್ಯಾಸ ಮಾಡಿದ್ದೆನೇ?

ಈಗ ನಿಮಗೆ ತಿಳಿಯದ ಸುದ್ದಿ. ಕಳೆದ ಭಾನುವಾರ ನಿಮ್ಮ ತಂಗಿ ಲಲಿತಕ್ಕನಿಗೆ ನಾನೇ ಕಾಲ್ ಮಾಡಿದೆ. “ಕೊನೇಲಿ ಅಣ್ಣ ನನ್ನ ನೆನೆಸ್ಕೊಂಡ್ನಾ?” ಎಂದರು. “ಹೂಂ” ಎಂದು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಅವರು ಮುಂದೇನೂ ಕೇಳಲಿಲ್ಲ. ಕೇಳುವ ಮುಂಚೆ ಹೇಳಿದೆ: “ಫೋನ್ ಕೈಲೇ ಇತ್ತಕ್ಕ. ತಪ್ಪಾಯ್ತು ಅನ್ನೋಕಿದ್ರು. ಟೈಮಿದೆ ಅಂತ ಸುಳ್ಳು ಹೇಳಿ ತಡೆದೋನು ನಾನು.”

“ಇನ್ಮೇಲೆ ನಂಗೆ ಕಾಲ್ ಮಾಡ್ಬೇಡಿ” ಎಂದು ಫೋನ್ ಇಟ್ಟುಬಿಟ್ಟರು.

ನಾಲಿಗೆ ಒಣಗಿತ್ತು, ಮೊದಲ ಮನೆಯಲ್ಲಿ ಒಣಗಿದ ಹಾಗೆಯೇ.

ಒಂದಾಯ್ತು, ಅಣ್ಣ.